ಬೆಳ್ಳಿ ಡಾಲರ್ ತೂಗಿ ನೋಡಿದ ಮೇಲೆ: ಬ್ರಯಾನ್ ಬಗ್ಗೆ ಒಂದು ಭಾಷಣ ತಯಾರಿಸಿದ ಅನುಭವ

ಅಮೆರಿಕದ ಅಧ್ಯಕ್ಷ ಸ್ಥಾನಕ್ಕೆ ಮೂರು ಸಲ ನಿಂತು ಮೂರು ಸಲವೂ ಸೋತ ಒಬ್ಬ ರಾಜಕಾರಣಿಯ ಬಗ್ಗೆ ಒಂದು ಗಂಟೆ ಮಾತಾಡುತ್ತೇನೆ ಅಂದಾಗ, ನಮ್ಮ ನಾಣ್ಯ ಸಂಗ್ರಹದ ಬಳಗದಲ್ಲಿ ಬಹಳ ಜನಕ್ಕೆ ಆ ಹೆಸರೇ ಹೊಸದು. ವಿಲಿಯಂ ಜೆನ್ನಿಂಗ್ಸ್ ಬ್ರಯಾನ್. ಹೆಸರು ಕೇಳಿದ್ದವರಿಗೂ ಗೊತ್ತಿದ್ದದ್ದು ಅವರ ಬದುಕಿನ ಕೊನೆಯ ವಾರಗಳು ಮಾತ್ರ. 1925ರಲ್ಲಿ ಟೆನೆಸಿಯ ಡೇಟನ್ ಅನ್ನೋ ಊರಲ್ಲಿ, ವಿಕಾಸವಾದ ಪಾಠ ಮಾಡಿದ ಮೇಷ್ಟ್ರ ಮೇಲೆ ಮೊಕದ್ದಮೆ ನಡೆದಾಗ ಬೈಬಲ್ ಪರ ನಿಂತ ಮುದುಕ ಅಂತ. ನನಗೆ ಬೇಕಿದ್ದದ್ದು ಅದಕ್ಕೂ ಮೂವತ್ತು ವರ್ಷ ಹಿಂದಿನ ಬ್ರಯಾನ್. ಸಾಲ, ಬೆಲೆ, ನಾಣ್ಯ ಇಷ್ಟನ್ನೇ ಹಿಡಿದುಕೊಂಡು ರೈಲಿನಲ್ಲಿ ಇಡೀ ದೇಶ ಸುತ್ತಿದ ಮೂವತ್ತಾರು ವರ್ಷದ ಯುವಕ.

ನಾನು ಕೆಲಸ ಮಾಡಿದ್ದು ಬ್ಯಾಂಕಿನ ಕೃಷಿ ಸಾಲದ ವಿಭಾಗದಲ್ಲಿ. ನಮ್ಮದು ತಿಪಟೂರು ಸೀಮೆ. ಕೊಬ್ಬರಿ ರೇಟು ಬಿದ್ದ ವರ್ಷ ಸಾಲದ ಪುಸ್ತಕದಲ್ಲಿ ಒಂದು ಅಂಕಿಯೂ ಬದಲಾಗುವುದಿಲ್ಲ, ಆದರೆ ಅದನ್ನು ತೀರಿಸಬೇಕಾದವನು ಮೊದಲಿಗಿಂತ ಒಂದೂವರೆಪಟ್ಟು ಕೊಬ್ಬರಿ ಮಾರಬೇಕು. ಇದನ್ನು ನಾನು ಕೌಂಟರಿನ ಈ ಕಡೆ ಕೂತು ವರ್ಷಗಟ್ಟಲೆ ನೋಡಿದ್ದೇನೆ. ಬ್ರಯಾನ್ ಹೇಳಿದ್ದರ ತಿರುಳೂ ಇದೇ. ಅದಕ್ಕೇ ಅವರನ್ನು ಹಿಡಿದುಕೊಂಡೆ.

ಶುರು ಮಾಡಿದ್ದು ಹುಟ್ಟಿದ ಊರು, ಓದಿದ ಕಾಲೇಜು ಅಂತ ಎಲ್ಲರೂ ಮಾಡುವ ಹಾಗೆಯೇ. 1860ರ ಮಾರ್ಚ್ 19, ಇಲಿನಾಯ್ಸ್ ರಾಜ್ಯದ ಸೇಲಂ. ಅಪ್ಪ ನ್ಯಾಯಾಧೀಶ. ಮಗ ಲಾಯರು. 1887ರಲ್ಲಿ ನೆಬ್ರಾಸ್ಕದ ಲಿಂಕನ್‌ಗೆ ಹೋಗಿ ನೆಲೆಸಿದರು. ಹೆಂಡತಿ ಮೇರಿ ಗಂಡನ ಕೆಲಸಕ್ಕೆ ನೆರವಾಗಲಿ ಅಂತ ತಾವೂ ಕಾನೂನು ಓದಿ ವಕೀಲೆಯಾದರು. ಆ ಕಾಲಕ್ಕೆ ಅದು ಸಣ್ಣ ಮಾತಲ್ಲ. 1890ರಲ್ಲಿ ಬ್ರಯಾನ್ ಸಂಸತ್ತಿಗೆ ಆರಿಸಿ ಬಂದರು. ಇಷ್ಟು ಬರೆದುಕೊಂಡ ಮೇಲೆ ಗಾಡಿ ನಿಂತಿತು. ಯಾಕೆ ಅಂದರೆ ಇಲ್ಲಿಂದ ಮುಂದೆ ಎಲ್ಲಾ ಕಡೆ "ಹದಿನಾರಕ್ಕೆ ಒಂದು", "ಹದಿನಾರಕ್ಕೆ ಒಂದು" ಅನ್ನೋದೇ ಮಂತ್ರ. ಇದು ಅರ್ಥವಾಗದೆ ಬ್ರಯಾನ್ ಅರ್ಥವಾಗುವುದಿಲ್ಲ. ಓದಿದರೆ ತಲೆಗೆ ಹೋಗುತ್ತದೆ, ಆದರೆ ಕೈಗೆ ಸಿಗುವುದಿಲ್ಲ ಅನ್ನಿಸಿತು.

ಬಳಗದ ಗೆಳೆಯರೊಬ್ಬರ ಹತ್ತಿರ 1896ರ ಒಂದು ಮಾರ್ಗನ್ ಡಾಲರ್, ಅಂದರೆ ಆ ಕಾಲದ ಅಮೆರಿಕದ ಬೆಳ್ಳಿ ನಾಣ್ಯ, ಇತ್ತು. ಕೇಳಿ ತಂದೆ. ಅದನ್ನೂ ನನ್ನ ಹತ್ತಿರದ ಒಂದು ವಿಕ್ಟೋರಿಯಾ ರೂಪಾಯಿಯನ್ನೂ ಕರವಸ್ತ್ರದಲ್ಲಿ ಸುತ್ತಿಕೊಂಡು ನಮಗೆ ಪರಿಚಯದ ಅಕ್ಕಸಾಲಿಗರ ಅಂಗಡಿಗೆ ಹೋದೆ.

"ಆಚಾರ್ರೇ, ಇವೆರಡನ್ನೂ ಒಂಚೂರು ತೂಗಿ ಕೊಡಿ."

"ಮಾರೋದಾ ಸಾರ್?"

"ಮಾರೋದಲ್ಲ, ತೂಕ ನೋಡ್ಬೇಕು ಅಷ್ಟೇ."

ಗಾಜಿನ ಪೆಟ್ಟಿಗೆಯೊಳಗಿನ ಸಣ್ಣ ತಕ್ಕಡಿ. ಡಾಲರ್ ಇಟ್ಟರೆ 26.7 ಗ್ರಾಂ. ರೂಪಾಯಿ ಸವೆದಿತ್ತು, ಆದರೂ ಒಂದು ತೊಲಕ್ಕೆ ಹತ್ತಿರ. ಡಾಲರಿನಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಬೆಳ್ಳಿ, ಅಂದರೆ ಅಪ್ಪಟ ಬೆಳ್ಳಿ 24 ಗ್ರಾಂ. ಇದನ್ನು ಹದಿನಾರರಿಂದ ಭಾಗಿಸಿದರೆ ಒಂದೂವರೆ ಗ್ರಾಂ. "ಒಂದೂವರೆ ಗ್ರಾಂ ಚಿನ್ನ ಅಂದ್ರೆ ಎಷ್ಟು ಬರುತ್ತೆ ತೋರಿಸಿ" ಅಂದೆ. ಅವರು ಡ್ರಾಯರಿನಿಂದ ಚಿನ್ನದ ತಂತಿಯ ಒಂದು ತುಂಡು ತೆಗೆದು, ಚಿಮುಟದಲ್ಲಿ ಹಿಡಿದು ತಕ್ಕಡಿಗೆ ಇಟ್ಟು, ಸ್ವಲ್ಪ ಕತ್ತರಿಸಿ, ಮತ್ತೆ ಇಟ್ಟರು. ಕಿರುಬೆರಳಿನ ಉಗುರಿನಷ್ಟೂ ಇಲ್ಲದ ಒಂದು ಚೂರು. ಅದರ ಪಕ್ಕದಲ್ಲಿ ಅಂಗೈ ನಡುವೆ ತಣ್ಣಗೆ, ಭಾರವಾಗಿ ಕೂರುವ ಆ ದೊಡ್ಡ ಬೆಳ್ಳಿ ಬಿಲ್ಲೆ. ಅಮೆರಿಕದ ಹಳೆಯ ಕಾನೂನಿನ ಪ್ರಕಾರ ಇವೆರಡೂ ಒಂದೇ: ಇದೂ ಒಂದು ಡಾಲರ್, ಅದೂ ಒಂದು ಡಾಲರ್. ಹದಿನಾರಕ್ಕೆ ಒಂದು ಅಂದರೆ ಇಷ್ಟೇ.

ತೊಂದರೆ ಎಲ್ಲಿ ಅಂದರೆ, 1873ರ ನಾಣ್ಯ ಕಾಯಿದೆಯಲ್ಲಿ ಬೆಳ್ಳಿ ಡಾಲರನ್ನು ಪಟ್ಟಿಯಿಂದಲೇ ಕೈಬಿಟ್ಟರು. (ಆಮೇಲೆ ಸರ್ಕಾರ ತಾನೇ ಬೆಳ್ಳಿ ಕೊಂಡು ಒಂದಿಷ್ಟು ಡಾಲರ್ ಒತ್ತಿಸಿತು, ನಾನು ತೂಗಿದ್ದು ಅಂಥದ್ದೇ. ಆದರೆ ಜನ ತಂದ ಬೆಳ್ಳಿಗೆ ಬಾಗಿಲು ತೆರೆಯಲಿಲ್ಲ.) ಆಗ ಯಾರೂ ಅಷ್ಟಾಗಿ ಗಮನಿಸಲಿಲ್ಲ. ಆಮೇಲೆ ಪಶ್ಚಿಮದ ಗಣಿಗಳಿಂದ ಬೆಳ್ಳಿ ಧಾರಾಳವಾಗಿ ಬಂತು, ಯುರೋಪಿನ ದೇಶಗಳು ಒಂದೊಂದಾಗಿ ಬೆಳ್ಳಿ ಬಿಟ್ಟು ಚಿನ್ನಕ್ಕೆ ಹೋದವು, ಬೆಳ್ಳಿ ಬೆಲೆ ಜಾರುತ್ತಾ ಹೋಯಿತು. ಚಿನ್ನ ಮಾತ್ರ ಅಷ್ಟಕ್ಕಷ್ಟೇ. ಜನ ಹೆಚ್ಚಾದರು, ಬೆಳೆ ಹೆಚ್ಚಾಯಿತು, ಅದನ್ನು ಅಳೆಯುವ ದುಡ್ಡು ಅದೇ ವೇಗದಲ್ಲಿ ಹೆಚ್ಚಾಗಲಿಲ್ಲ. ಬೆಲೆ ಇಳಿಯದೆ ಇನ್ನೇನು? 1880ರ ದಶಕದ ಶುರುವಿನಲ್ಲಿ ಒಂದು ಬುಷೆಲ್ (ಅಲ್ಲಿನ ಧಾನ್ಯದ ಅಳತೆ) ಗೋಧಿಗೆ ಸುಮಾರು ಒಂದು ಡಾಲರ್ ಇದ್ದದ್ದು 1894ರ ಹೊತ್ತಿಗೆ ಅರ್ಧ ಡಾಲರಿಗೆ ಬಂದಿತ್ತು. ಸಾವಿರ ಡಾಲರ್ ಸಾಲ ಮಾಡಿದವನು ಸಾವಿರ ಬುಷೆಲ್ ಗೋಧಿ ಕೊಡುತ್ತೇನೆ ಅಂದುಕೊಂಡು ಸಾಲ ತಂದಿದ್ದ, ಈಗ ಎರಡು ಸಾವಿರ ಬುಷೆಲ್ ಕೊಡಬೇಕು, ಬಡ್ಡಿ ಬೇರೆ. ಎಷ್ಟೋ ಅಡಮಾನ ಪತ್ರಗಳಲ್ಲಿ ಚಿನ್ನದಲ್ಲೇ ತೀರಿಸಬೇಕು ಅಂತ ಷರತ್ತೂ ಇರುತ್ತಿತ್ತು. ನೆಬ್ರಾಸ್ಕದ ರೈತ ಯಾಕೆ ಸಿಟ್ಟಿಗೆದ್ದ ಅನ್ನೋದು ನನಗೆ ಬಿಡಿಸಿ ಹೇಳುವ ಅಗತ್ಯ ಇರಲಿಲ್ಲ. ಬ್ರಯಾನ್ ಕೇಳಿದ್ದು ಇಷ್ಟು: ಹಳೆಯ ಹದಿನಾರಕ್ಕೆ ಒಂದರ ಲೆಕ್ಕದಲ್ಲೇ ಟಂಕಸಾಲೆಯನ್ನು ಬೆಳ್ಳಿಗೂ ತೆರೆಯಿರಿ. ಯಾರು ಬೆಳ್ಳಿ ತಂದರೂ ಡಾಲರ್ ಮಾಡಿಕೊಡಿ. ಚಲಾವಣೆಯಲ್ಲಿ ದುಡ್ಡು ಹೆಚ್ಚಾಗಲಿ, ಬೆಲೆ ಮೇಲೇಳಲಿ.

ಗೋಧಿ ಬೆಲೆ ಬೀಳುವುದಕ್ಕೆ ಚಿನ್ನ ಒಂದೇ ಕಾರಣ ಅಲ್ಲ ಅನ್ನೋದನ್ನೂ ಹೇಳಬೇಕು. ರೈಲು ಬಂತು, ಉಗಿಹಡಗು ಬಂತು, ರಷ್ಯಾ, ಅರ್ಜೆಂಟೀನಾದ ಗೋಧಿ ಮಾರುಕಟ್ಟೆಗೆ ಬಂತು. ಸೂಯೆಜ್ ಕಾಲುವೆ ದಾಟಿ ಹಿಂದೂಸ್ತಾನದ ಗೋಧಿಯೂ ಲಂಡನ್ನಿಗೆ ಹೋಗುತ್ತಿತ್ತು. ಬೆಳ್ಳಿ ಪಕ್ಷದವರು ಇದನ್ನೂ ತಮ್ಮ ವಾದಕ್ಕೆ ಬಳಸಿದರು: ಬೆಳ್ಳಿ ಅಗ್ಗವಾದಷ್ಟೂ ಬೆಳ್ಳಿ ರೂಪಾಯಿ ಅಗ್ಗ, ಅಲ್ಲಿನ ಗೋಧಿಯೂ ಅಗ್ಗ, ಪೆಟ್ಟು ತಿನ್ನೋದು ಮಾತ್ರ ನಮ್ಮ ರೈತ ಅಂತ.

ಇಲ್ಲಿ ನನ್ನ ತಯಾರಿಯ ದಿಕ್ಕೇ ಬದಲಾಯಿತು. ಅಮೆರಿಕದ ಕಥೆ ಅಂದುಕೊಂಡು ಓದುತ್ತಿದ್ದವನಿಗೆ 1893ರ ಜೂನ್ ತಿಂಗಳಲ್ಲಿ ನಮ್ಮ ದೇಶವೇ ಸಿಕ್ಕಿತು. ಅಲ್ಲಿಯವರೆಗೆ ಕಲ್ಕತ್ತಾ, ಬೊಂಬಾಯಿ ಟಂಕಸಾಲೆಗೆ ಯಾರು ಬೇಕಾದರೂ ಬೆಳ್ಳಿ ತಂದು, ಒಂದಿಷ್ಟು ಕೂಲಿ ಕೊಟ್ಟು, ರೂಪಾಯಿ ಒತ್ತಿಸಿಕೊಂಡು ಹೋಗಬಹುದಿತ್ತು. ಬ್ರಯಾನ್ ಅಮೆರಿಕಕ್ಕೆ ಕೇಳುತ್ತಿದ್ದದ್ದು ನಮ್ಮಲ್ಲಿ ಇದ್ದೇ ಇತ್ತು! ಇದನ್ನು ಪರಿಶೀಲಿಸಲು ನೇಮಿಸಿದ್ದ ಹರ್ಷೆಲ್ ಸಮಿತಿಯ ವರದಿ ಇಟ್ಟುಕೊಂಡು ಬ್ರಿಟಿಷ್ ಸರ್ಕಾರ 1893ರ ಜೂನ್ 26ರಂದು ಅದನ್ನು ಮುಚ್ಚಿತು. ಕಾರಣ ಸರಳ. ಇಂಗ್ಲೆಂಡಿಗೆ ಕಳಿಸಬೇಕಾದ ಹಣವೆಲ್ಲ ಪೌಂಡಿನಲ್ಲಿ, ಇಲ್ಲಿ ಕಂದಾಯ ಬರುವುದು ಬೆಳ್ಳಿ ರೂಪಾಯಿಯಲ್ಲಿ, ಬೆಳ್ಳಿ ಬಿದ್ದ ಹಾಗೆಲ್ಲ ಸರ್ಕಾರಕ್ಕೆ ಜಾಸ್ತಿ ರೂಪಾಯಿ ಬೇಕಾಗುತ್ತಿತ್ತು. ಬಾಗಿಲು ಮುಚ್ಚಿದ ಕೂಡಲೇ ಜಗತ್ತಿನಲ್ಲಿ ಬೆಳ್ಳಿ ಬೆಲೆ ಕುಸಿಯಿತು. ನಾಲ್ಕೇ ದಿನ ಕಳೆದು, ಜೂನ್ 30ರಂದು, ಅಮೆರಿಕದ ಅಧ್ಯಕ್ಷ ಗ್ರೋವರ್ ಕ್ಲೀವ್‌ಲ್ಯಾಂಡ್ ವಿಶೇಷ ಅಧಿವೇಶನ ಕರೆದರು. ಸರ್ಕಾರ ತಿಂಗಳು ತಿಂಗಳು ಬೆಳ್ಳಿ ಕೊಳ್ಳಬೇಕು ಅಂತಿದ್ದ 1890ರ ಶರ್ಮನ್ ಕಾಯಿದೆಯನ್ನು ರದ್ದು ಮಾಡುವುದಕ್ಕೆ. ಅದನ್ನು ವಿರೋಧಿಸಿ ಆಗಸ್ಟ್ 16ರಂದು ಬ್ರಯಾನ್ ಸಂಸತ್ತಿನಲ್ಲಿ ಸುಮಾರು ಮೂರು ಗಂಟೆ ಮಾತಾಡಿದರು, ಅದೂ ತಮ್ಮದೇ ಡೆಮಾಕ್ರಟಿಕ್ ಪಕ್ಷದಿಂದ ಗೆದ್ದ ಅಧ್ಯಕ್ಷರ ವಿರುದ್ಧ. ಕಾಯಿದೆ ರದ್ದಾಯಿತು. ದೇಶಕ್ಕೆ ಬ್ರಯಾನ್ ಗೊತ್ತಾದದ್ದು ಆ ಭಾಷಣದಿಂದ.

ಅಕ್ಕಸಾಲಿಗರ ಅಂಗಡಿಯಲ್ಲಿ ಕೂತಿದ್ದಾಗ ಆಚಾರ್ರು ರೂಪಾಯಿಯನ್ನು ತಿರುಗಿಸಿ ನೋಡುತ್ತಾ, "ನಮ್ಮ ಮುತ್ತಾತನ ಕಾಲದಲ್ಲಿ ಇದನ್ನೇ ಕರಗಿಸಿ ಡಾಬು ಮಾಡ್ತಿದ್ರಂತೆ ಸಾರ್" ಅಂದಿದ್ದರು. ಆಗ ಸುಮ್ನೆ ಕೇಳಿಸಿಕೊಂಡಿದ್ದೆ. ಟಂಕಸಾಲೆ ಮುಚ್ಚಿದ್ದನ್ನು ಓದುವಾಗ ಆ ಮಾತಿನ ತೂಕ ತಿಳಿಯಿತು. ಟಂಕಸಾಲೆ ತೆರೆದಿದ್ದಾಗ ರೂಪಾಯಿ ಡಾಬು ಆಗಬಹುದಿತ್ತು, ಡಾಬು ಮತ್ತೆ ರೂಪಾಯಿ ಆಗಬಹುದಿತ್ತು, ನಡುವೆ ಹೋಗುತ್ತಿದ್ದದ್ದು ಸ್ವಲ್ಪ ಕೂಲಿ ಮಾತ್ರ. ಮುಚ್ಚಿದ ಮೇಲೆ ರೂಪಾಯಿಯ ಬೆಲೆಯೇ ಬೇರೆ, ಅದರೊಳಗಿನ ಬೆಳ್ಳಿಯ ಬೆಲೆಯೇ ಬೇರೆ. ಕಂದಾಯ ಕಟ್ಟಬೇಕಾದದ್ದು ರೂಪಾಯಿಯಲ್ಲಿ. ಮನೆಯಲ್ಲಿ ಉಳಿತಾಯ ಅಂತ ಇದ್ದದ್ದು ಹೆಂಗಸರ ಮೈಮೇಲಿನ ಡಾಬು, ಕಡಗ, ಕಾಲ್ಗೆಜ್ಜೆ. ಮೂರು ವರ್ಷ ಕಳೆದು 1896-97ರಲ್ಲಿ ಬರಗಾಲ ಬಂದಾಗ ಆ ಬೆಳ್ಳಿಯನ್ನು ಮಾರಲು ಹೋದವರ ಗತಿ ಏನಾಗಿರಬೇಕು ಯೋಚಿಸಿ. ಟಂಕಸಾಲೆ ಮುಚ್ಚಿಸಿದ ಈ ಕಾಯಿದೆಯನ್ನು ದಾದಾಭಾಯಿ ನವರೋಜಿಯವರು ವಿರೋಧಿಸಿದ್ದರು. ನಮ್ಮ ಶಾಲೆಯ ಇತಿಹಾಸ ಪುಸ್ತಕಗಳಲ್ಲಿ ಇದಕ್ಕೆ ಒಂದು ಪುಟ ಆದರೂ ಕೊಡಬೇಕು ಅಂತ ನನ್ನ ಗಟ್ಟಿ ಅಭಿಪ್ರಾಯ.

ಆಮೇಲೆ ಬಂದದ್ದು 1896ರ ಚಿಕಾಗೋ ಭಾಷಣ. ಇದನ್ನು ಇಡಿಯಾಗಿ ಕನ್ನಡ ಮಾಡಿಕೊಂಡೆ, ಬಳಗದ ಮುಂದೆ ಓದೋಣ ಅಂತ. ಜುಲೈ 9. ಡೆಮಾಕ್ರಟಿಕ್ ಪಕ್ಷದ ಮಹಾಸಭೆ. ಬೆಳ್ಳಿ ಬೇಕೋ ಚಿನ್ನ ಸಾಕೋ ಅನ್ನೋ ಚರ್ಚೆ. ಕೊನೆಗೆ ಮಾತಾಡುವ ಸರದಿ ಬ್ರಯಾನ್‌ರದು. ಮೈಕು ಇಲ್ಲದ ಕಾಲ, ಸಾವಿರಾರು ಜನ, ಆದರೂ ಹಿಂದಿನ ಸಾಲಿಗೂ ಕೇಳಿಸುವ ಕಂಠ.

ಎಲ್ಲರಿಗೂ ಗೊತ್ತಿರುವುದು ಕೊನೆಯ ಸಾಲು: ದುಡಿಯುವವರ ಹಣೆಗೆ ಈ ಮುಳ್ಳಿನ ಕಿರೀಟ ಒತ್ತಬೇಡಿ, ಮನುಕುಲವನ್ನು ಚಿನ್ನದ ಶಿಲುಬೆಗೆ ಏರಿಸಬೇಡಿ. ಇದು ಆ ಕ್ಷಣದಲ್ಲಿ ಹೊಳೆದದ್ದಲ್ಲ. 1894ರಲ್ಲೇ ಸಂಸತ್ತಿನಲ್ಲಿ ಹೆಚ್ಚುಕಡಿಮೆ ಇದೇ ಮಾತು ಆಡಿದ್ದರು. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಭಾಗ. ನೀವು ವ್ಯಾಪಾರಸ್ಥ ಅನ್ನೋ ಪದವನ್ನು ತೀರಾ ಸಣ್ಣದು ಮಾಡಿದ್ದೀರಿ ಅಂತ ಚಿನ್ನದ ಪಕ್ಷದವರಿಗೆ ಹೇಳುತ್ತಾರೆ. ಕೂಲಿಗೆ ದುಡಿಯುವವನೂ ತನ್ನ ಧಣಿಯಷ್ಟೇ ವ್ಯಾಪಾರಸ್ಥ. ಸಣ್ಣ ಊರಿನ ವಕೀಲ, ನಾಲ್ಕು ರಸ್ತೆ ಕೂಡುವಲ್ಲಿ ಅಂಗಡಿ ಇಟ್ಟವನು, ಬೆಳಿಗ್ಗೆ ಹೊಲಕ್ಕೆ ಹೋಗಿ ದಿನವಿಡೀ ಮೈಮುರಿಯುವ ರೈತ, ಸಾವಿರ ಅಡಿ ಭೂಮಿಯೊಳಗೆ ಇಳಿಯುವ ಗಣಿಯವನು, ಎಲ್ಲರೂ ವ್ಯಾಪಾರಸ್ಥರೇ ಅಂತ ಒಬ್ಬೊಬ್ಬರನ್ನಾಗಿ ಕರೆದು ಸಾಲಿನಲ್ಲಿ ನಿಲ್ಲಿಸುತ್ತಾರೆ. ನಿಮ್ಮ ಪಟ್ಟಣಗಳನ್ನು ಸುಟ್ಟು ನಮ್ಮ ಹೊಲಗಳನ್ನು ಉಳಿಸಿದರೆ ಪಟ್ಟಣಗಳು ಮತ್ತೆ ಎದ್ದಾವು, ಹೊಲಗಳನ್ನು ಹಾಳು ಮಾಡಿದರೆ ಪ್ರತಿ ಪಟ್ಟಣದ ಬೀದಿಯಲ್ಲೂ ಹುಲ್ಲು ಬೆಳೆದೀತು ಅನ್ನುವುದು ಆಮೇಲೆ. ಮನೆಯಲ್ಲಿ ಗಟ್ಟಿಯಾಗಿ ಓದುವಾಗ ಇಲ್ಲಿಗೆ ಬಂದರೆ ನನ್ನ ದನಿ ತಾನಾಗಿ ಏರುತ್ತಿತ್ತು. ಒಲೆ ಮುಂದೆ ನಿಂತಿದ್ದ ನಮ್ಮ ಮನೆಯವರು "ಇನ್ನೊಂದ್ಸಲ ಓದಿ" ಅಂದಾಗ ಕನ್ನಡದಲ್ಲೂ ಇದು ನಿಲ್ಲುತ್ತದೆ ಅನ್ನೋ ಧೈರ್ಯ ಬಂತು.

ಮಾತು ಮುಗಿದಾಗ ಬ್ರಯಾನ್ ಎರಡೂ ಕೈ ಚಾಚಿ ಶಿಲುಬೆಯ ಹಾಗೆ ನಿಂತರಂತೆ. ಒಂದು ಕ್ಷಣ ಸಭೆಯೇ ಸ್ತಬ್ಧ, ಆಮೇಲೆ ಜನ ಹೆಗಲ ಮೇಲೆ ಹೊತ್ತು ಕುಣಿದರು. ಮರುದಿನ ಐದನೆಯ ಸುತ್ತಿನ ಮತದಾನದಲ್ಲಿ ಅವರೇ ಅಭ್ಯರ್ಥಿ. ರೈತರ ಬೆಂಬಲದ ಪಾಪ್ಯುಲಿಸ್ಟ್ ಪಕ್ಷವೂ ಅವರನ್ನೇ ಆರಿಸಿತು.

ಪ್ರಚಾರದ ಕಥೆ ಎಷ್ಟು ಹೇಳಿದರೂ ಮುಗಿಯುವುದಿಲ್ಲ. ರೈಲಿನಲ್ಲಿ 18,000 ಮೈಲಿ, ಸುಮಾರು 600 ಭಾಷಣ. ಎದುರಾಳಿ, ರಿಪಬ್ಲಿಕನ್ ಪಕ್ಷದ ಮೆಕಿನ್ಲಿ, ಓಹಿಯೋದ ಕ್ಯಾಂಟನ್‌ನಲ್ಲಿ ತಮ್ಮ ಮನೆ ಜಗಲಿಯಲ್ಲೇ ಇದ್ದರು, ಜನರನ್ನು ರೈಲು ರೈಲು ಅಲ್ಲಿಗೇ ಕರೆತರುತ್ತಿದ್ದರು. ಅವರ ಕಡೆಯ ಮಾರ್ಕ್ ಹ್ಯಾನ ಬ್ಯಾಂಕು, ಕಂಪನಿಗಳಿಂದ ಎತ್ತಿದ ಹಣ 35 ಲಕ್ಷ ಡಾಲರ್ ಆಸುಪಾಸು. ಬ್ರಯಾನ್ ಗೆದ್ದರೆ ಕೆಲಸಕ್ಕೆ ಬರಬೇಡಿ ಅಂತ ಕೆಲವು ಕಾರ್ಖಾನೆಗಳಲ್ಲಿ ಹೇಳಿದರು ಅನ್ನೋ ದೂರು ಆಗಲೇ ಕೇಳಿಬಂದಿತ್ತು. ನಾಣ್ಯದ ಹುಚ್ಚಿನವನಾದ ನನಗೆ ಹೆಚ್ಚು ಹೊತ್ತು ಬೇಕಾದದ್ದು ಬ್ರಯಾನ್‌ರನ್ನು ಹಂಗಿಸಲು ಒತ್ತಿಸಿದ ಬಿಲ್ಲೆಗಳಿಗೆ. ಅವುಗಳಲ್ಲಿ ಒಂದು, ಗೊರಮ್ ಅನ್ನೋ ಬೆಳ್ಳಿ ಸಾಮಾನಿನ ಕಂಪನಿಯದು, ಡಾಲರಿಗಿಂತ ದೊಡ್ಡದು. ಅದರೊಳಗೆ ಒಂದು ವೃತ್ತ ಕೊರೆದು ಸರ್ಕಾರಿ ಡಾಲರಿನ ಅಳತೆ ಇಷ್ಟು ಅಂತ ತೋರಿಸಿದ್ದಾರೆ. ಬಿಲ್ಲೆಯ ತೂಕ 823 ಗ್ರೇನ್ (ಹಳೆಯ ಕಾಲದ ಸಣ್ಣ ತೂಕದ ಅಳತೆ), ಸರ್ಕಾರಿ ಡಾಲರ್ 412.5 ಗ್ರೇನ್. ಅಂದರೆ, ಚಿನ್ನದ ಡಾಲರಿಗೆ ಸರಿಸಮ ಬೆಳ್ಳಿ ಬೇಕಾದರೆ ಸರ್ಕಾರಿ ಡಾಲರಿನ ಎರಡರಷ್ಟು ಬೇಕು, ನಿಮ್ಮ ಬೆಳ್ಳಿ ಡಾಲರ್ ಅರ್ಧ ಸುಳ್ಳು ಅಂತ. ಚಿತ್ರ ದೊಡ್ಡದಾಗಿ ಮುದ್ರಿಸಿ ಭಾಷಣಕ್ಕೆ ತಗೊಂಡು ಹೋದೆ. ವಿರೋಧಿಗಳ ವಾದವನ್ನು ಇದಕ್ಕಿಂತ ಚೆನ್ನಾಗಿ ಹೇಳುವುದು ಕಷ್ಟ, ಮತ್ತು ಆ ವಾದದಲ್ಲಿ ಹುರುಳಿತ್ತು. ಪೇಟೆಯಲ್ಲಿ ಆಗ ಮೂವತ್ತಕ್ಕೆ ಒಂದು ನಡೆಯುತ್ತಿತ್ತು. ಅಮೆರಿಕ ಒಂದೇ ಹದಿನಾರಕ್ಕೆ ಒಂದು ಅಂದರೆ ಚಿನ್ನವೆಲ್ಲ ಪೆಟ್ಟಿಗೆ ಸೇರಿ ಇಲ್ಲವೇ ಹಡಗು ಹತ್ತಿ ಮಾಯವಾಗುತ್ತಿತ್ತು, ಉಳಿಯುವುದು ಬೆಳ್ಳಿ ಮಾತ್ರ. ಪಟ್ಟಣದ ಕೂಲಿಯವನಿಗೆ ಬೆಲೆ ಏರಿದರೆ ಏನು ಲಾಭ ಅನ್ನೋ ಪ್ರಶ್ನೆಗೂ ಬ್ರಯಾನ್ ಹತ್ತಿರ ಗಟ್ಟಿ ಉತ್ತರ ಇರಲಿಲ್ಲ. ಪೂರ್ವದ ಪಟ್ಟಣಗಳು ಅವರ ಕೈ ಹಿಡಿಯಲಿಲ್ಲ. ಅಧ್ಯಕ್ಷರನ್ನು ಆರಿಸುವ ಎಲೆಕ್ಟೊರಲ್ ಮತಗಳಲ್ಲಿ ಮೆಕಿನ್ಲಿಗೆ 271, ಬ್ರಯಾನ್‌ಗೆ 176.

ಭಾಷಣದ ದಿನ ನಿವೃತ್ತ ಅರ್ಥಶಾಸ್ತ್ರ ಮೇಷ್ಟ್ರೊಬ್ಬರು ನೇರವಾಗಿ ಕೇಳಿದರು: "ಹಾಗಾದ್ರೆ ಬ್ರಯಾನ್ ಹೇಳಿದ್ದು ತಪ್ಪು ಅಂತ ಆಯ್ತಲ್ವಾ?" ಕೊಟ್ಟ ಔಷಧದ ಬಗ್ಗೆ ವಾದ ಮಾಡಬಹುದು, ರೋಗ ಹಿಡಿದದ್ದು ಸರಿ ಅಂದೆ. ಆಮೇಲೆ ನಡೆದದ್ದನ್ನೇ ನೋಡಿ. ದಕ್ಷಿಣ ಆಫ್ರಿಕದ ಗಣಿಗಳು, ಕೆನಡಾದ ಕ್ಲಾಂಡೈಕ್‌ನ ಚಿನ್ನ, ಸಯನೈಡ್ ಬಳಸಿ ಬಡ ಅದಿರಿನಿಂದಲೂ ಚಿನ್ನ ಎಳೆಯುವ ವಿಧಾನ, ಇವೆಲ್ಲ ಸೇರಿ 1896ರ ನಂತರ ಚಿನ್ನವೇ ಜಾಸ್ತಿಯಾಯಿತು. ನಮ್ಮ ಕೋಲಾರದ ಚಿನ್ನವೂ ಆ ಹೊತ್ತಿಗೆ ಜಾನ್ ಟೇಲರ್ ಕಂಪನಿಯ ಕೈಯಿಂದ ಇಂಗ್ಲೆಂಡಿಗೆ ಹೋಗುತ್ತಿತ್ತು. ಬೆಲೆಗಳು ಏರಿದವು, ರೈತನ ಸಾಲ ಹಗುರಾಯಿತು. ದುಡ್ಡು ಹೆಚ್ಚಾದರೆ ಬೆಲೆ ಏಳುತ್ತದೆ ಅಂತ ಬ್ರಯಾನ್ ಹೇಳಿದ್ದು ಬೆಳ್ಳಿಯಿಂದಲ್ಲ, ಚಿನ್ನದಿಂದಲೇ ನಿಜವಾಯಿತು. 1900ರಲ್ಲಿ ಅಮೆರಿಕ ಕಾನೂನು ಮಾಡಿ ಚಿನ್ನಕ್ಕೇ ಅಂಟಿಕೊಂಡಿತು. ಆ ವರ್ಷವೂ 1908ರಲ್ಲೂ ಬ್ರಯಾನ್ ಮತ್ತೆ ನಿಂತು ಸೋತರು.

ತೆಂಗಿನ ತೋಟದ ಗೆಳೆಯರೊಬ್ಬರ ಪ್ರಶ್ನೆ ಇನ್ನೂ ಒಳ್ಳೆಯದು. "ದುಡ್ಡು ಎಷ್ಟಿರಬೇಕು ಅಂತ ಚಿನ್ನದ ಗಣಿ ತೀರ್ಮಾನ ಮಾಡಬಾರದು ಅಂದ್ರೆ, ಯಾರು ಮಾಡ್ಬೇಕು?" ಇದಕ್ಕೆ ಉತ್ತರ 1913ರಲ್ಲಿದೆ. ವುಡ್ರೊ ವಿಲ್ಸನ್ ಸರ್ಕಾರದಲ್ಲಿ ಬ್ರಯಾನ್ ವಿದೇಶಾಂಗ ಕಾರ್ಯದರ್ಶಿ. ಫೆಡರಲ್ ರಿಸರ್ವ್, ಅಂದರೆ ಅಮೆರಿಕದ ಕೇಂದ್ರ ಬ್ಯಾಂಕಿನ ಕಾಯಿದೆಯ ಕರಡು ಬಂದಾಗ ಎರಡು ವಿಷಯಕ್ಕೆ ಪಟ್ಟು ಹಿಡಿದರು. ನೋಟಿನ ಹೊಣೆ ಸರ್ಕಾರದ್ದಿರಬೇಕು, ಬ್ಯಾಂಕುಗಳದ್ದಲ್ಲ. ಮೇಲಿನ ಮಂಡಳಿಯಲ್ಲಿ ಸರ್ಕಾರ ನೇಮಿಸಿದವರು ಇರಬೇಕು, ಬ್ಯಾಂಕಿನವರು ಆರಿಸಿದವರಲ್ಲ. ವಿಲ್ಸನ್ ಒಪ್ಪಿದರು. ಬ್ರಯಾನ್ ತಮ್ಮ ಬೆಂಬಲಿಗರನ್ನು ಒಪ್ಪಿಸಿದರು. ಡಿಸೆಂಬರ್ 23ರಂದು ಸಹಿ ಬಿತ್ತು. ನನ್ನ ಲೆಕ್ಕದಲ್ಲಿ ಅವರ ಬದುಕಿನ ದೊಡ್ಡ ಗೆಲುವು ಇದೇ, ಆದರೆ ಅವರ ಬಗ್ಗೆ ಮಾತಾಡುವವರು ಇದನ್ನು ಎರಡು ಸಾಲಲ್ಲಿ ಮುಗಿಸುತ್ತಾರೆ.

ಒಂದು ವಿಷಯ ಬಿಟ್ಟುಬಿಡಿ, ಸಬ್ಜೆಕ್ಟ್ ಅದಲ್ಲ ಅಂತ ಒಬ್ಬರು ಮೊದಲೇ ಹೇಳಿದ್ದರು. ಬಿಡಲಿಲ್ಲ. ರೈತ, ಕೂಲಿ, ಗಣಿಯವನು ಅಂತ ಒಬ್ಬೊಬ್ಬರನ್ನೂ ಕರೆದ ಬ್ರಯಾನ್, ದಕ್ಷಿಣದಲ್ಲಿ ಕಪ್ಪು ಜನರ ಮತದ ಹಕ್ಕನ್ನು ಅವರ ಪಕ್ಷದವರೇ ಕಸಿಯುತ್ತಿದ್ದಾಗ ಅದರ ವಿರುದ್ಧ ನಿಲ್ಲಲಿಲ್ಲ. ಹಾಗೆ ಕಸಿದದ್ದಕ್ಕೆ ಹೆಮ್ಮೆಪಟ್ಟುಕೊಂಡ ದಕ್ಷಿಣ ಕೆರೊಲಿನಾದ ಸೆನೆಟರ್ ಬೆಂಜಮಿನ್ ಟಿಲ್ಮನ್ ಚಿಕಾಗೋದಲ್ಲಿ ಅದೇ ವೇದಿಕೆಯಿಂದ ಬೆಳ್ಳಿ ಪರ ಮಾತಾಡಿದವರು. 1924ರ ಮಹಾಸಭೆಯಲ್ಲಿ, ಕಪ್ಪು ಜನರನ್ನು ಬೆದರಿಸಿ ಹಿಂಸಿಸುತ್ತಿದ್ದ ಬಿಳಿಯರ ಸಂಘಟನೆ ಕು ಕ್ಲಕ್ಸ್ ಕ್ಲಾನ್ ಹೆಸರು ಹಿಡಿದು ಖಂಡಿಸುವ ನಿರ್ಣಯವನ್ನು ಬ್ರಯಾನ್ ವಿರೋಧಿಸಿದರು. ಇಷ್ಟು ದಿನ ಅವರ ಜೊತೆ ಕಳೆದ ನನಗೆ ಇದು ನೋವು. ಅವರನ್ನು ಮೆಚ್ಚುವವರೇ ಇದನ್ನು ಮೊದಲು ಹೇಳಬೇಕು.

ಅದೇ ಬ್ರಯಾನ್ 1905-06ರಲ್ಲಿ ಜಗತ್ತು ಸುತ್ತುವಾಗ ಹಿಂದೂಸ್ತಾನಕ್ಕೂ ಬಂದಿದ್ದರು. ಬ್ರಿಟಿಷರ ಆಡಳಿತದ ಬಗ್ಗೆ ಖಾರವಾಗಿಯೇ ಬರೆದರು. ಒಂದಿಷ್ಟು ಒಳ್ಳೆಯದು ಮಾಡಿರಬಹುದು, ಅದಕ್ಕೆ ವಸೂಲು ಮಾಡಿದ ಬೆಲೆ ಮಾತ್ರ ವಿಪರೀತ ಅನ್ನೋದು ಅದರ ಸಾರ. ಆ ಲೇಖನವನ್ನು ಆಮೇಲೆ ಕಿರುಹೊತ್ತಿಗೆ ಮಾಡಿ ಹಂಚಿದರು. ಸಭೆಯಲ್ಲಿ ಎಲ್ಲರೂ ನೆಟ್ಟಗೆ ಕೂತು ಕೇಳಿದ್ದು ಈ ಭಾಗವನ್ನು.

ಬ್ರಯಾನ್ 1925ರ ಜುಲೈ 26ರಂದು ಡೇಟನ್‌ನಲ್ಲೇ ತೀರಿಕೊಂಡರು. ಭಾಷಣ ಅಲ್ಲಿಗೆ ಮುಗಿಸಿದೆ. ಆದರೆ 1893 ನನ್ನನ್ನು ಬಿಡುತ್ತಿಲ್ಲ. ಟಂಕಸಾಲೆ ಮುಚ್ಚುವ ಮೊದಲು ಮತ್ತು ಮುಚ್ಚಿದ ಮೇಲೆ ನಮ್ಮ ಊರುಗಳಲ್ಲಿ ಬೆಳ್ಳಿ ಒಡವೆ ಅಡ ಇಟ್ಟರೆ ತೊಲಕ್ಕೆ ಎಷ್ಟು ಕೊಡುತ್ತಿದ್ದರು ಅನ್ನೋದನ್ನು ಹುಡುಕುತ್ತಿದ್ದೇನೆ. 1890ರ ಸುಮಾರಿನ ಅಡವಿನ ಪತ್ರ, ಸಾಹುಕಾರರ ಲೆಕ್ಕದ ಪುಸ್ತಕ, ಅಕ್ಕಸಾಲಿಗರ ಮನೆಯ ಹಳೆಯ ಚೀಟಿ ಏನಾದರೂ ನಿಮ್ಮ ಮನೆಯ ಪೆಟ್ಟಿಗೆಯಲ್ಲಿ ಇದ್ದರೆ ದಯವಿಟ್ಟು ಫೋಟೊ ತೆಗೆದು ಕಳಿಸಿ. ಹಳೆಯ ಕೂಡುಬರಹದ ಮೋಡಿ ಅಕ್ಷರದಲ್ಲಿದ್ದರೂ ಪರವಾಗಿಲ್ಲ, ಓದುವವರು ನಮ್ಮ ಬಳಗದಲ್ಲಿ ಇದ್ದಾರೆ.